ಹಳೆಯ ಸಿಎನ್‌ಸಿ ರೂಟರ್‌ಗೆ ಹೊಸ ಕಂಟ್ರೋಲ್ ಜೋಡಿಸುವ ಬಗೆ

ಬೈಕಂಪಾಡಿಯಿಂದ ಮಣಿಪಾಲದವರೆಗೆ ನಮ್ಮ ಮರಗೆಲಸದ ಶೆಡ್‌ಗಳಿಗೆ ಬರುವ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ರೂಟರ್‌ಗಳಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರಗಳಲ್ಲಿ, ಕಬ್ಬಿಣದ ಚೌಕಟ್ಟು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಕೈಕೊಡುವುದು ಪ್ಯಾರಲಲ್ ಪೋರ್ಟಿನ ಹಳೆಯ ಕಂಪ್ಯೂಟರ್ ಮತ್ತು ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದ ಟರ್ಮಿನಲ್‌ಗಳು. ಇವನ್ನು ತೆಗೆದು ಯಂತ್ರ ನಡೆಸುವ ಹೊಸ ಕಂಟ್ರೋಲ್ ಬೋರ್ಡ್ ಕೂರಿಸುವ ಕೆಲಸವಿದು.

ಮೊದಲು ವಿದ್ಯುತ್ ಸಂಪರ್ಕ ತೆಗೆದು, ಸ್ಪಿಂಡಲ್ (ಕೆತ್ತುವ ಬಿಟ್ ತಿರುಗಿಸುವ ಮೋಟಾರು) ನಡೆಸುವ ವಿಎಫ್‌ಡಿಯ, ಅಂದರೆ ಅದರ ವೇಗ ಹಿಡಿತದಲ್ಲಿಡುವ ಪೆಟ್ಟಿಗೆಯ, ಕೆಪ್ಯಾಸಿಟರ್‌ಗಳು ಖಾಲಿಯಾಗಲು ಕನಿಷ್ಠ ಹತ್ತು ನಿಮಿಷ ಬಿಡಿ. ಬಳಿಕ ಪ್ರತಿ ತಂತಿಗೂ ಚೀಟಿ ಅಂಟಿಸಿ, ಫೋಟೊ ತೆಗೆದು ಬಿಚ್ಚಿರಿ.

ಯಂತ್ರದ ತಲೆಯನ್ನು ಸರಿಸುವ ಮೋಟಾರಿನ ಮೇಲೆ ಬರೆದಿರುವ ಆಂಪಿಯರ್ ನೋಡಿ, ಪ್ರತಿ ಮೋಟಾರಿಗೂ ಪ್ರತ್ಯೇಕ ಡ್ರೈವರ್ (ಬೋರ್ಡಿನ ಸಿಗ್ನಲ್‌ನಂತೆ ಮೋಟಾರಿಗೆ ವಿದ್ಯುತ್ ಕೊಡುವ ಘಟಕ) ಕೊಳ್ಳಿ. ಒಂದೇ ಬೋರ್ಡಿನಲ್ಲಿ ಮೂರು ಡ್ರೈವರ್ ಕೂರಿಸಿದ ಅಗ್ಗದ ಸೆಟ್ ಬೇಡವೇ ಬೇಡ. ಒಂದು ಸುಟ್ಟರೆ ಮೂರನ್ನೂ ಎಸೆಯಬೇಕಾಗುತ್ತದೆ. ನಾಲ್ಕು ತಂತಿಯ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟಾರಿನಲ್ಲಿ ಬಣ್ಣ ನಂಬಬೇಡಿ. ಯಾವ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಕಡಿಮೆ ಓಮ್ ತೋರಿಸುತ್ತದೋ ಅವೇ ಒಂದು ಕಾಯಿಲ್‌ನ ಜೋಡಿ. ಡ್ರೈವರ್‌ಗೆ ವಿದ್ಯುತ್ ಇರುವಾಗ ಮೋಟಾರಿನ ತಂತಿ ಕಳಚಿದರೆ ಡ್ರೈವರ್ ಸುಡಬಹುದು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ, ಅಂದರೆ ತಂತಿ ಎಳೆಯುವಾಗ ಮತ್ತು ಅರ್ಥಿಂಗ್ ಮಾಡುವಾಗ. ಒಂದು ಶೆಡ್‌ನಲ್ಲಿ ಸಾಗುವಾನಿ ಬಾಗಿಲಿನ ಮೇಲೆ ಕಮಲ ಕೆತ್ತುತ್ತಿದ್ದಾಗ, ಅರ್ಧ ದಳ ಮುಗಿಯುವಷ್ಟರಲ್ಲಿ ಯಂತ್ರ ಲಿಮಿಟ್ ಸ್ವಿಚ್ (ಓಟದ ಕೊನೆ ಮುಟ್ಟಿದಾಗ ಯಂತ್ರ ನಿಲ್ಲಿಸುವ ಸ್ವಿಚ್) ಒತ್ತಿದಂತೆ ತಾನಾಗಿ ನಿಂತುಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಸ ಬೋರ್ಡೇ ಕೆಟ್ಟಿದೆಯೆಂದು ಅದನ್ನು ಎರಡು ಸಲ ಬದಲಿಸಿದ್ದರು. ಕಾರಣವಿದ್ದದ್ದು ಒಂದೇ ಪಟ್ಟಿಯಿಂದ ಬಿಗಿದಿದ್ದ ಸ್ಪಿಂಡಲ್ ಕೇಬಲ್ ಮತ್ತು ಸ್ವಿಚ್ ತಂತಿಗಳಲ್ಲಿ. ವಿಎಫ್‌ಡಿಯಿಂದ ಸ್ಪಿಂಡಲ್‌ಗೆ ಹೋಗುವ ಕೇಬಲ್ ಪಕ್ಕದ ತಂತಿಗಳಿಗೆ ವಿದ್ಯುತ್ ಗದ್ದಲವನ್ನು ಹರಡುತ್ತದೆ. ಸ್ವಿಚ್‌ನ ಸಣ್ಣ ಸಿಗ್ನಲ್ ಅದರಲ್ಲಿ ಕಲುಷಿತವಾಗುತ್ತದೆ. ಆದ್ದರಿಂದ ಅವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಎಳೆಯಿರಿ. ದಾಟಲೇಬೇಕಾದಲ್ಲಿ ಅಡ್ಡವಾಗಿ ದಾಟಿಸಿ. ಸ್ವಿಚ್‌ಗಳಿಗೆ ಜಾಲರಿ ಹೊದಿಕೆಯ ಕೇಬಲ್ ಬಳಸಿ, ಆ ಜಾಲರಿಯನ್ನು ಪ್ಯಾನಲ್ (ಬೋರ್ಡ್, ಡ್ರೈವರ್‌ಗಳಿರುವ ಪೆಟ್ಟಿಗೆ) ಕಡೆಯ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಚೌಕಟ್ಟು, ಸ್ಪಿಂಡಲ್ ಮೈ, ವಿಎಫ್‌ಡಿ ಮತ್ತು ಪವರ್ ಸಪ್ಲೈಗಳ ಅರ್ಥ್ ತಂತಿಗಳು ಒಂದರಿಂದ ಒಂದಕ್ಕೆ ಸರಪಣಿಯಂತೆ ಸಾಗದೆ, ಪ್ಯಾನಲಿನ ಒಂದೇ ಅರ್ಥ್ ಪಟ್ಟಿಗೆ ನೇರವಾಗಿ ಬರಬೇಕು. ಕೆಲವು ಸ್ಪಿಂಡಲ್‌ಗಳಲ್ಲಿ ಪ್ಲಗ್‌ನ ನಾಲ್ಕನೇ ಪಿನ್‌ಗೆ ಒಳಗಡೆ ಸಂಪರ್ಕವೇ ಇರುವುದಿಲ್ಲವಾದ್ದರಿಂದ, ಸ್ಪಿಂಡಲ್ ಮೈಗೂ ಅರ್ಥ್ ಪಟ್ಟಿಗೂ ನಡುವೆ ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ. ತಂತಿಯ ತುದಿಯನ್ನು ಬರಿದಾಗಿ ತಿರುಚಿ ಸ್ಕ್ರೂಗೆ ಸಿಕ್ಕಿಸುವ ಅಭ್ಯಾಸ ಕರಾವಳಿಯಲ್ಲಿ ನಡೆಯದು. ತಂತಿಯ ತುದಿಗೆ ತವರ ಲೇಪಿಸಿದ ಲಗ್ (ಲೋಹದ ಕೊನೆತುಂಡು) ಒತ್ತಿಸಿಯೇ ಬಿಗಿಯಬೇಕು. ಪ್ಯಾನಲಿಗೆ ಮರದ ಪುಡಿ ಹೋಗದಂತೆ ಫ್ಯಾನಿಗೆ ಫಿಲ್ಟರ್ ಹಾಕಿ.

ಲಿಮಿಟ್ ಸ್ವಿಚ್‌ಗಳನ್ನು ನಾರ್ಮಲಿ ಕ್ಲೋಸ್ಡ್ ರೀತಿಯಲ್ಲೇ, ಅಂದರೆ ಒತ್ತದಿರುವಾಗ ಸಂಪರ್ಕವಿದ್ದು ಒತ್ತಿದಾಗ ಕಡಿಯುವಂತೆ, ಜೋಡಿಸಿ. ಆಗ ತಂತಿ ಇಲಿ ಕಡಿದು ತುಂಡಾದರೂ ಯಂತ್ರ ನಿಲ್ಲುತ್ತದೆ. ಎಮರ್ಜೆನ್ಸಿ ಸ್ವಿಚ್ ಬೋರ್ಡಿಗೆ ಬರೀ ಸಿಗ್ನಲ್ ಕೊಟ್ಟರೆ ಸಾಲದು, ಕಾಂಟ್ಯಾಕ್ಟರ್ (ದೊಡ್ಡ ವಿದ್ಯುತ್ ಕಡಿಯಬಲ್ಲ ಸ್ವಿಚ್) ಮೂಲಕ ಡ್ರೈವರ್ ಮತ್ತು ಸ್ಪಿಂಡಲ್ ಎರಡರ ವಿದ್ಯುತ್ತನ್ನೂ ಕಡಿಯಬೇಕು.

ಕೊನೆಯದು ಅಳತೆ. ಮೋಟಾರಿಗೆ ಸುತ್ತಿಗೆ 200 ಹೆಜ್ಜೆ, ಡ್ರೈವರಿನಲ್ಲಿ 8 ಮೈಕ್ರೋಸ್ಟೆಪ್ (ಪ್ರತಿ ಹೆಜ್ಜೆಯೂ ಎಂಟು ಸಣ್ಣ ಹೆಜ್ಜೆ), ಮೋಟಾರಿಗೆ ನೇರವಾಗಿ ಜೋಡಿಸಿದ ಸ್ಕ್ರೂ ಸುತ್ತಿಗೆ 5 ಮಿ.ಮೀ. ಸಾಗುವುದಾದರೆ, 200ನ್ನು 8ರಿಂದ ಗುಣಿಸಿ ಬಂದ 1600ನ್ನು 5ರಿಂದ ಭಾಗಿಸಿ ಮಿಲಿಮೀಟರಿಗೆ 320 ಸಣ್ಣ ಹೆಜ್ಜೆ ಎಂದು ಬೋರ್ಡಿಗೆ ತಿಳಿಸಿ. ಸ್ಕ್ರೂವಿನ ಸಡಿಲು ಲೆಕ್ಕಕ್ಕೆ ಸೇರದಂತೆ ಒಂದೇ ದಿಕ್ಕಿನಿಂದ 100 ಮಿ.ಮೀ. ಓಡಿಸಿ ಅಳೆಯಿರಿ. ನಂತರ ಸ್ಪಿಂಡಲ್ ತಿರುಗಿಸುತ್ತಲೇ, ಬಿಟ್ ಹಾಕದೆ, ಅರ್ಧ ಗಂಟೆ ಗಾಳಿಯಲ್ಲಿ ಕೆತ್ತನೆಯ ಪ್ರೋಗ್ರಾಂ ಓಡಿಸಿ. ಮುಗಿದ ಮೇಲೆ ತಲೆ ಹೊರಟ ಗುರುತಿಗೇ ಮರಳಿ ನಿಂತರೆ ಮರ ಕೂರಿಸಿ.