ಕಮ್ಮಾರಿಕೆ ಕಲಿಸುವಾಗ ನಾನು ಅನುಸರಿಸಿದ ಕ್ರಮ

ಕಮ್ಮಾರಿಕೆಯ ತರಬೇತಿಗೆ ಸೇರಿದವರು ಮೊದಲ ದಿನವೇ ಸುತ್ತಿಗೆ ಹಿಡಿಯಲು ಬಯಸುತ್ತಾರೆ. ನಾನು ಕಲಿಸಲು ತೊಡಗಿದಾಗ ಆ ಬಯಕೆಯನ್ನು ಸ್ವಲ್ಪ ತಡೆದು, ಆರಂಭದ ಪಾಠಗಳನ್ನೆಲ್ಲ ಕುಲುಮೆಯ ಬೆಂಕಿಗೇ ಮೀಸಲಿಟ್ಟೆ. ಕಬ್ಬಿಣ ಎಷ್ಟು ಕಾದಿದೆ ಎಂಬುದು ಕಣ್ಣಿಗೆ ತಿಳಿಯದಿದ್ದರೆ ಪೆಟ್ಟು ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲವೆಂದು ನಾನು ನಂಬಿದ್ದೇನೆ. ಈ ಕ್ರಮದಲ್ಲಿ ಕಲಿತವರು ಮುಂದೆ ಸುತ್ತಿಗೆಯ ಕೆಲಸವನ್ನೂ ಬೇಗ ಹಿಡಿದುಕೊಂಡದ್ದನ್ನು ಕಂಡಿದ್ದೇನೆ.

ಬೆಂಕಿಯ ಪಾಠವೆಂದರೆ ಇದ್ದಿಲು ಹೊತ್ತಿಸುವುದಷ್ಟೇ ಅಲ್ಲ. ತಿದಿಯ ಗಾಳಿ ಒಳಬರುವ ಬಾಯಿಯ ಹತ್ತಿರ, ಉರಿಗೆ ಇನ್ನೂ ಬಳಕೆಯಾಗದ ಆಮ್ಲಜನಕ ಹೆಚ್ಚಾಗಿರುತ್ತದೆ. ಸರಳನ್ನು ಅಲ್ಲಿಗೆ ತೂರಿಸಿದರೆ ಅದರ ಮೈ ಪೊರೆಗಟ್ಟಿ ಉದುರುವುದಲ್ಲದೆ, ಉಕ್ಕಿನ ಮೇಲ್ಪದರದ ಇಂಗಾಲವೂ ಕಡಿಮೆಯಾಗುತ್ತದೆ. ಆದ್ದರಿಂದ ಗಾಳಿಯ ಬಾಯಿಗೂ ಸರಳಿಗೂ ನಡುವೆ ಕೆಂಡದ ದಪ್ಪ ಹಾಸು, ಸರಳಿನ ಮೇಲೆ ಕೆಂಡದ ಮತ್ತೊಂದು ಹೊದಿಕೆ ಇರುವಂತೆ ಬೆಂಕಿಯನ್ನು ಕಟ್ಟಲು ಕಲಿಸಿದೆ. ಕಲ್ಲಿದ್ದಲು ಬಳಸುವಾಗ ತಳದಲ್ಲಿ ಕೂಡುವ ಕಿಟ್ಟವನ್ನು ಆಗಾಗ ತೆಗೆಯುವುದೂ ಇದೇ ಪಾಠಕ್ಕೆ ಸೇರಿತ್ತು.

ಅನಂತರ ಬಣ್ಣದ ಅಭ್ಯಾಸ. ಕುಲುಮೆಯ ಮೇಲೆ ಬಿಸಿಲು ಬೀಳುತ್ತಿದ್ದರೆ ಕೆಂಪು ಕಬ್ಬಿಣ ಕಪ್ಪಾಗಿ ಕಾಣುವುದರಿಂದ, ಆ ಜಾಗವನ್ನು ಮಬ್ಬಾಗಿಟ್ಟೆ. ಸುಮಾರು 650 ಡಿಗ್ರಿ ಸೆಲ್ಸಿಯಸ್‌ನ ಮಂದ ಕೆಂಪು, 950ರ ಸುಮಾರಿನ ಕಿತ್ತಳೆ, 1100 ದಾಟಿದ ಹಳದಿ, ಇವನ್ನು ಒಂದೇ ಸರಳಿನ ಉದ್ದಕ್ಕೂ ತೋರಿಸಬಹುದು. ಉಕ್ಕು ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತದ ಸೆಳೆತಕ್ಕೆ ಸಿಗದಂತಾಗುತ್ತದೆ. ಮೊದಲು ಕಣ್ಣಿನಿಂದ ಅಂದಾಜು ಹೇಳಿ, ಬಳಿಕ ಅಯಸ್ಕಾಂತ ತಾಗಿಸಿ ನೋಡುವುದನ್ನು ನಾನು ನಿಯಮವಾಗಿ ಮಾಡಿಸಿದೆ. ಕಣ್ಣನ್ನು ಪಳಗಿಸಲು ಇದಕ್ಕಿಂತ ಅಗ್ಗವಾದ, ನಂಬಿಕೆಯ ಸಾಧನ ನನಗೆ ದೊರೆತಿಲ್ಲ. ಬೆಳ್ಳಗೆ ಕಾದು ಕಿಡಿ ಚಿಮ್ಮುವ ತುದಿ ಸುಟ್ಟುಹೋದಂತೆಯೇ ಸರಿ, ಅದನ್ನು ಕತ್ತರಿಸಿ ಎಸೆಯಬೇಕು.

ಸುತ್ತಿಗೆಯ ಮೊದಲ ಅಭ್ಯಾಸಕ್ಕೆ ಮೊನೆ ತೆಗೆಯುವ ಕೆಲಸವನ್ನು ಆರಿಸಿದೆ. ದುಂಡು ಸರಳನ್ನು ದುಂಡಾಗಿಯೇ ಸಣ್ಣಗೊಳಿಸಲು ಹೋದರೆ ನಡುವಿನ ಲೋಹ ಹಿಂದುಳಿದು ತುದಿ ಟೊಳ್ಳಾಗುತ್ತದೆ, ಇಲ್ಲವೇ ಸೀಳುತ್ತದೆ. ಮೊದಲು ಚೌಕ, ಆಮೇಲೆ ಎಂಟು ಮೂಲೆ, ಕೊನೆಗೆ ದುಂಡು ಎಂಬ ಅನುಕ್ರಮವನ್ನು ಮೆದು ಕಬ್ಬಿಣದ ಮೇಲೆ ಮತ್ತೆ ಮತ್ತೆ ಮಾಡಿಸಿದೆ. ಸುಮಾರು 1 ಕಿಲೋ ತೂಕದ ಸುತ್ತಿಗೆ ಕಲಿಯುವವರಿಗೆ ಸಾಕು. ಹಿಡಿಯನ್ನು ಬಿಗಿಯಾಗಿ ಅದುಮಿ ಹಿಡಿಯದೆ, ಅಡಿಗಲ್ಲಿನಿಂದ (ಕಾದ ಸರಳನ್ನಿಟ್ಟು ಬಡಿಯುವ ಕಬ್ಬಿಣದ ದಿಮ್ಮಿಯಿಂದ) ಪುಟಿಯುವ ಪೆಟ್ಟೇ ಸುತ್ತಿಗೆಯನ್ನು ಮೇಲೆತ್ತುವಂತೆ ಬಿಟ್ಟರೆ ಮೊಣಕೈ ನೋಯುವುದಿಲ್ಲ. ಇಕ್ಕಳದ ಬಾಯಿ ಸರಳಿಗೆ ಸರಿಯಾಗಿ ಕೂರದಿದ್ದರೆ ಕೆಲಸ ನಿಲ್ಲಿಸಬೇಕೆಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಸತು ಲೇಪಿಸಿದ ಹಳೆಯ ಕಬ್ಬಿಣವನ್ನು ಕುಲುಮೆಯ ಹತ್ತಿರವೂ ತರಲು ಬಿಡಲಿಲ್ಲ, ಏಕೆಂದರೆ ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ ಮತ್ತು ಅದರ ಹೊಗೆ ಉಸಿರಿನೊಡನೆ ಒಳಹೋದರೆ ಜ್ವರ ಬರುತ್ತದೆ.

ನನ್ನ ತರಬೇತಿಯ ಹೃದಯವೆಂದರೆ ಉಳಿಗೆ ಹದ ಕೊಡುವ, ಅಂದರೆ ಅದನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಿ, ಬಳಿಕ ಮಿತವಾದ ಕಾವಿನಿಂದ ಅದರ ಬಿರುಸನ್ನು ತುಸು ತಗ್ಗಿಸುವ ಪಾಠ. ಇಂಗಾಲ ಶೇಕಡ 0.25ಕ್ಕಿಂತ ಕಡಿಮೆ ಇರುವ ಮೆದು ಕಬ್ಬಿಣ ನೀರಿಗೆ ಅದ್ದಿದರೂ ಹೇಳಿಕೊಳ್ಳುವಷ್ಟು ಗಟ್ಟಿಯಾಗುವುದಿಲ್ಲ, ಶೇಕಡ 0.6ಕ್ಕಿಂತ ಹೆಚ್ಚಿರುವ ಉಕ್ಕು ಗಾಜಿನಷ್ಟು ಬಿರುಸಾಗುತ್ತದೆ. ಈ ವ್ಯತ್ಯಾಸವನ್ನು ಬಾಯಲ್ಲಿ ಹೇಳದೆ, ಎರಡು ತುಂಡುಗಳನ್ನೂ ಒಂದೇ ಬಣ್ಣಕ್ಕೆ ಕಾಯಿಸಿ ಅದ್ದಿಸಿ, ಅವುಗಳ ಮೇಲೆ ಅರ ಎಳೆಯಿಸಿದೆ. ಅರ ಜಾರಿದ್ದು ಯಾವುದರ ಮೇಲೆ, ಕಚ್ಚಿದ್ದು ಯಾವುದರ ಮೇಲೆ ಎಂಬುದು ಅವರ ಕೈಗೇ ತಿಳಿಯಿತು. ಆಮೇಲೆ ಉಳಿಯ ಬಾಯನ್ನು ಕಾಯಿಸಿ ತುದಿಯನ್ನಷ್ಟೇ ಅದ್ದಿ, ಬೇಗನೆ ಉಜ್ಜಿ ಬೆಳ್ಳಗೆ ಮಾಡಿ, ಹಿಂಭಾಗದಲ್ಲಿ ಉಳಿದ ಕಾವು ತುದಿಗೆ ಹರಿದು ಬರುವುದನ್ನು ಕಾಯಬೇಕು. ಆಗ ಉಜ್ಜಿದ ಮೈಮೇಲೆ ಮೂಡುವ ಬಣ್ಣಗಳು ಕುಲುಮೆಯಲ್ಲಿ ಕಾದ ಕಬ್ಬಿಣದ ಹೊಳಪಲ್ಲ, ಅದಕ್ಕಿಂತ ಬಹಳ ಕಡಿಮೆ ಕಾವಿನಲ್ಲಿ ಕಟ್ಟುವ ತೆಳು ಪೊರೆಯ ಬಣ್ಣಗಳು. ತಿಳಿ ಹಳದಿ ಮೊದಲು ಬರುತ್ತದೆ, ಅದರ ಹಿಂದೆ ಕಂದು, ಬಳಿಕ ನೇರಳೆ, ಆಮೇಲೆ ನೀಲಿ. ಕಬ್ಬಿಣ ಕಡಿಯುವ ಉಳಿಗೆ ಸುಮಾರು 280 ಡಿಗ್ರಿಯ ನೇರಳೆ ತುದಿಯನ್ನು ಮುಟ್ಟಿದೊಡನೆ ಮತ್ತೆ ಅದ್ದಬೇಕು. ಹಳದಿಯಲ್ಲೇ ನಿಲ್ಲಿಸಿದರೆ ಬಾಯಿ ಚಕ್ಕೆಯೇಳುತ್ತದೆ, ನೀಲಿ ದಾಟಲು ಬಿಟ್ಟರೆ ಮಡಿಯುತ್ತದೆ. ಈ ಕೆಲವೇ ಕ್ಷಣಗಳಲ್ಲಿ ಹಿಂದಿನ ಅಭ್ಯಾಸವೆಲ್ಲ ಒರೆಗೆ ಬೀಳುವುದರಿಂದ, ಬೇರೆ ಯಾವ ಪಾಠಕ್ಕೂ ಕೊಡದಷ್ಟು ಸಮಯವನ್ನು ಇದಕ್ಕೆ ಕೊಟ್ಟೆ.

ಪರೀಕ್ಷೆಯನ್ನೂ ಇದರಿಂದಲೇ ನಡೆಸಿದೆ. ಪ್ರತಿಯೊಬ್ಬರೂ ಒಂದು ಉಳಿಯನ್ನು ತಾವೇ ಬಡಿದು, ಬಾಯನ್ನು ಸುಮಾರು 60 ಡಿಗ್ರಿ ಕೋನಕ್ಕೆ ಮಸೆದು, ಹದ ಕೊಟ್ಟು, ಮೆದು ಕಬ್ಬಿಣದ ಸರಳನ್ನು ಅದರಿಂದ ಕಡಿಯಬೇಕು. ಬಾಯಿ ಚಕ್ಕೆಯೆದ್ದಿದೆಯೋ ಮಡಿದಿದೆಯೋ ಎಂದು ನೋಡಿ ಅದರ ಕಾರಣವನ್ನು ಅವರೇ ಹೇಳಬೇಕು. ಸರಿಯಾದ ಕಾರಣ ಹೇಳಿದವರಿಗೆ ಅದೇ ಉಳಿಯನ್ನು ಮತ್ತೆ ಕಾಯಿಸಿ ಹದ ಕೊಡಲು ಅವಕಾಶವಿತ್ತು. ಉಳಿಯ ಬಾಯಿ ಕೆಡದೆ ನಿಂತ ಮೇಲೆ ಬೆಸುಗೆಯ ಪಾಠಕ್ಕೆ ಸೇರಿಸಿಕೊಳ್ಳುತ್ತಿದ್ದೆ.