ಸಪ್ಲಿಮೆಂಟ್ ಕ್ಯಾಟಲಾಗಿನಲ್ಲಿ ಸರಿಯಾದ ಮಾತ್ರೆಯನ್ನು ಹುಡುಕುವ ಕ್ರಮ

ಅಮ್ಮನ ಮಾತ್ರೆಗಳ ಲೆಕ್ಕವನ್ನು ಮೊಬೈಲಿನ ಆ್ಯಪ್‌ನಲ್ಲಿ ಬರೆದಿಡಲು ಆರಂಭಿಸಿದ ಮೊದಲ ದಿನ, ಹುಡುಕುವ ಜಾಗದಲ್ಲಿ ಕ್ಯಾಲ್ಸಿಯಂ ಎಂದು ಟೈಪ್ ಮಾಡಿ, 1250 ಮಿ.ಗ್ರಾಂ. ಎಂದಿದ್ದ ಮೊದಲ ಹೆಸರನ್ನೇ ಒತ್ತಿದ್ದೆ. ಅವರು ದಿನಕ್ಕೆ ಎರಡು ಮಾತ್ರೆ ನುಂಗುತ್ತಿದ್ದರು. ಆ್ಯಪ್ 2500 ಮಿ.ಗ್ರಾಂ. ಕ್ಯಾಲ್ಸಿಯಂ ಎಂದು ಲೆಕ್ಕ ಹಾಕಿ ಕೆಂಪು ಬಣ್ಣದಲ್ಲಿ ಎಚ್ಚರಿಸಿತು. ನಾನು ಗಾಬರಿಯಾಗಿ, ರಾತ್ರಿ ಮಲಗುವ ಮುನ್ನ ಅವರು ಕುಡಿಯುತ್ತಿದ್ದ ಒಂದು ಲೋಟ ಹಾಲನ್ನು ನಿಲ್ಲಿಸಿದೆ. ಹದಿನೈದು ದಿನಗಳ ಮೇಲೆ ವೈದ್ಯರು ಆ ಸ್ಟ್ರಿಪ್ಪನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿಸಿದರು. 1250 ಎಂಬುದು ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲವಣದ ತೂಕ. ಅದರಲ್ಲಿ ಮೈಗೆ ಸಿಗಬಹುದಾದ ಕ್ಯಾಲ್ಸಿಯಂ 500 ಮಿ.ಗ್ರಾಂ. ಮಾತ್ರ. ಅಂದಿನಿಂದ ನಾನು ಮಾತ್ರೆಯ ಲೇಬಲ್ಲನ್ನು ಪೂರ್ತಿ ಓದದೆ ಆ್ಯಪ್ ತೆರೆಯುವುದಿಲ್ಲ.

ಹುಡುಕಾಟ ಶುರುವಾಗಬೇಕಾದದ್ದು ಲೇಬಲ್ಲಿನಿಂದಲೇ. ನಮ್ಮಲ್ಲಿ ಔಷಧಿ ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಸಿ ಐದೋ ಆರೋ ಮಾತ್ರೆ ಕೊಟ್ಟಾಗ ಹೆಸರು ಮತ್ತು ಪ್ರಮಾಣ ಅಚ್ಚಾಗಿರುವ ಭಾಗ ಅಂಗಡಿಯಲ್ಲೇ ಉಳಿದುಹೋಗುವುದುಂಟು. ಆದುದರಿಂದ ಪೂರ್ತಿ ಸ್ಟ್ರಿಪ್ ಕೇಳಿ ಪಡೆಯಿರಿ, ಇಲ್ಲವಾದರೆ ಕತ್ತರಿಸುವ ಮೊದಲೇ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಲೇಬಲ್ಲಿನಿಂದ ನಾಲ್ಕು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು: ಪೋಷಕಾಂಶದ ಹೆಸರು, ಅದು ಯಾವ ಲವಣದ ರೂಪದಲ್ಲಿದೆ ಎಂಬುದು, ಎಲಿಮೆಂಟಲ್ (ಲವಣದ್ದಲ್ಲ, ಅದರೊಳಗಿನ ಪೋಷಕಾಂಶದ್ದೇ ತೂಕ) ಎಂದು ನಮೂದಿಸಿರುವ ಪ್ರಮಾಣ, ಮತ್ತು ಆ ಪ್ರಮಾಣ ಎಷ್ಟು ಮಾತ್ರೆಗಳಿಗೆ ಸೇರಿದ್ದು ಎಂಬುದು. ಕಡೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅಮೆರಿಕದಿಂದ ಮಕ್ಕಳು ತಂದುಕೊಡುವ ಡಬ್ಬಿಗಳ ಮೇಲೆ ಸರ್ವಿಂಗ್ ಸೈಜ್ ಎರಡು ಎಂದು ಬರೆದಿರುವುದುಂಟು. ಅಲ್ಲಿ ಕಾಣುವ ಅಂಕಿ ಎರಡು ಮಾತ್ರೆಗಳದ್ದು, ಆದರೆ ಮನೆಯಲ್ಲಿ ನುಂಗುವುದು ಒಂದನ್ನೇ ಆಗಿರಬಹುದು.

ಇನ್ನು ಆ್ಯಪ್‌ಗೆ ಬರೋಣ. ಪೋಷಕಾಂಶಗಳ ಲೆಕ್ಕ ಹಾಕುವ ಕ್ರೋನೋಮೀಟರ್‌ನಂಥ ಆ್ಯಪ್‌ಗಳ ಕ್ಯಾಟಲಾಗಿನಲ್ಲಿ, ಅಂದರೆ ಆರಿಸಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ, ಸಪ್ಲಿಮೆಂಟ್‌ಗಳಿಗೆಂದೇ ಪ್ರತ್ಯೇಕ ವಿಭಾಗವಿರುತ್ತದೆ. ಮೊದಲು ಆ ವಿಭಾಗವನ್ನು ಆರಿಸಿಕೊಂಡು ಆಮೇಲೆ ಪದವನ್ನು ಟೈಪ್ ಮಾಡಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಬೆರೆಸಿದ ಬಿಸ್ಕತ್ತು, ಹಾಲಿನ ಪುಡಿಗಳೆಲ್ಲ ಫಲಿತಾಂಶದಲ್ಲಿ ಬಂದು ಸೇರುತ್ತವೆ. ಕಂಪನಿಯ ಹೆಸರು ಮತ್ತು ಪ್ರಮಾಣ ಎರಡನ್ನೂ ಸೇರಿಸಿ ಒಮ್ಮೆ ಹುಡುಕಿ. ಭಾರತದ ಮಾತ್ರೆಗಳು ಪರದೇಶದ ಕ್ಯಾಟಲಾಗುಗಳಲ್ಲಿ ಸಿಗುವುದು ಕಡಿಮೆ; ಸಿಗದಿದ್ದರೆ ಕಂಪನಿಯ ಹೆಸರನ್ನು ಬಿಟ್ಟು ಲವಣದ ಹೆಸರಿನಿಂದ ಹುಡುಕಿ. ಒಂದೇ ವಸ್ತು ಹಲವು ಹೆಸರುಗಳಲ್ಲಿ ಅಡಗಿರುತ್ತದೆ: ವಿಟಮಿನ್ ಡಿ3 ಎಂಬುದು ಕೊಲೆಕ್ಯಾಲ್ಸಿಫೆರಾಲ್ ಎಂದಿರಬಹುದು, ಮೀಥೈಲ್‌ಕೊಬಾಲಮಿನ್ ಎಂಬುದು ಮೆಕೊಬಾಲಮಿನ್ ಎಂದೋ ಬರಿಯ ಬಿ12 ಎಂದೋ ಇರಬಹುದು. ಆ್ಯಪ್ ಇವುಗಳನ್ನು ಒಂದೇ ಎಂದು ಗುರುತಿಸುತ್ತದೆ ಎಂದು ನಂಬದೆ, ಪ್ರತಿ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ಬೇರೆಯಾಗಿ ಹುಡುಕಿ ನೋಡುವುದು ಲೇಸು.

ಗಿಡಮೂಲಿಕೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕರ್ನಾಟಕದ ಅನೇಕ ಮನೆಗಳಲ್ಲಿ ಒಂದೆಲಗವನ್ನು ಬ್ರಾಹ್ಮಿ ಎಂದು ಕರೆಯುವ ರೂಢಿಯಿದೆ. ಬೆಳಗ್ಗೆ ಅದರ ತಂಬುಳಿ ಮಾಡಿ ಉಣ್ಣುವವರೂ ಇದ್ದಾರೆ. ಆದರೆ ಕ್ಯಾಟಲಾಗಿನಲ್ಲಿ ಬ್ರಾಹ್ಮಿ ಎಂದು ಹುಡುಕಿದರೆ ಸಾಮಾನ್ಯವಾಗಿ ಎದುರಾಗುವುದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೆರಿ ಎಂಬ ಬೇರೆಯೇ ಸಸ್ಯ. ಒಂದೆಲಗ ಬೇಕಾದವರು ಸೆಂಟೆಲ್ಲಾ ಏಷ್ಯಾಟಿಕಾ ಎಂದೋ ಗೋಟು ಕೋಲಾ ಎಂದೋ ಹುಡುಕಬೇಕು. ಅಮೃತಬಳ್ಳಿಯನ್ನು ಗಿಲೋಯ್, ಗುಡುಚಿ, ಟೈನೋಸ್ಪೋರಾ ಎಂಬ ಮೂರು ಹೆಸರುಗಳಲ್ಲೂ ನೋಡಬೇಕಾಗುತ್ತದೆ. ಡಬ್ಬಿಯ ಮೇಲೆ ಸಸ್ಯಶಾಸ್ತ್ರೀಯ ಹೆಸರು ಇದ್ದರೆ ಅದನ್ನೇ ಬಳಸಿ. ಊರಿನ ಹೆಸರು ಎಷ್ಟೇ ಪ್ರೀತಿಯದಾಗಿದ್ದರೂ ಕ್ಯಾಟಲಾಗಿನಲ್ಲಿ ದಾರಿ ತಪ್ಪಿಸಬಲ್ಲದು.

ಫಲಿತಾಂಶಗಳ ಪಟ್ಟಿ ಉದ್ದವಾದಾಗ ಫಿಲ್ಟರ್‌ಗಳು ಬೇಕಾಗುತ್ತವೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಒಂದೂ ಫಲಿತಾಂಶ ಉಳಿಯದೆ, ಯಾವ ಫಿಲ್ಟರ್ ಅದನ್ನು ಹೊರಗಿಟ್ಟಿತು ಎಂಬುದೂ ತಿಳಿಯುವುದಿಲ್ಲ. ಒಂದೊಂದಾಗಿ ಹಾಕಿ: ಮೊದಲು ಪೋಷಕಾಂಶ, ಬಳಿಕ ಮಾತ್ರೆಯೋ ಕ್ಯಾಪ್ಸೂಲೋ ಪುಡಿಯೋ ಎಂಬ ರೂಪ, ಆಮೇಲೆ ಪ್ರಮಾಣ, ಬ್ರ್ಯಾಂಡ್ ಕೊನೆಗೆ. ಹಿಂದಿನ ಹುಡುಕಾಟದ ಫಿಲ್ಟರ್ ಹಾಗೆಯೇ ಉಳಿದಿದ್ದರೆ ಹೊಸ ಹುಡುಕಾಟ ಬರಿದಾಗಿ ಕಾಣುತ್ತದೆ, ಆದ್ದರಿಂದ ಮೊದಲು ಅದನ್ನು ತೆರವು ಮಾಡಿಕೊಳ್ಳಿ. ಸಸ್ಯಾಹಾರಿಗಳು ವೆಜಿಟೇರಿಯನ್, ವೀಗನ್ ಎಂಬ ಎರಡು ಫಿಲ್ಟರ್‌ಗಳನ್ನು ಒಂದೇ ಎಂದು ಭಾವಿಸಬಾರದು; ವೀಗನ್ ಎಂದರೆ ಪ್ರಾಣಿಮೂಲದ ಯಾವುದೂ ಇಲ್ಲದ್ದು. ಹೆಚ್ಚಿನ ಡಿ3 ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುವುದರಿಂದ ವೀಗನ್ ಫಿಲ್ಟರ್ ಹಾಕಿದ ಕೂಡಲೇ ಅವು ಮಾಯವಾಗಿ, ಕಲ್ಲುಹೂವಿನಿಂದ ತೆಗೆದ ಕೆಲವೇ ಉಳಿಯುತ್ತವೆ. ಮೃದು ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಆಗಿರುವುದು ಸಾಮಾನ್ಯ. ಭಾರತದಲ್ಲಿ ಕೊಂಡ ಆಹಾರ ಪೂರಕವಾದರೆ ಫಿಲ್ಟರ್‌ಗಿಂತ ಡಬ್ಬಿಯ ಮೇಲಿನ ಹಸಿರು ಚುಕ್ಕೆಯನ್ನು ನಂಬುವುದು ಹೆಚ್ಚು ಸರಿ.

ಪ್ರಮಾಣದ ಫಿಲ್ಟರ್ ಬಳಸುವಾಗ ಅಳತೆಯ ಘಟಕಗಳು ಕಾಡುತ್ತವೆ. ವಿಟಮಿನ್ ಡಿ ವಿಷಯದಲ್ಲಿ 40 ಐಯು (ಅಂತರರಾಷ್ಟ್ರೀಯ ಘಟಕ) ಎಂದರೆ 1 ಮೈಕ್ರೊಗ್ರಾಂ. ಸ್ಟ್ರಿಪ್ ಮೇಲೆ 1000 ಐಯು ಎಂದಿದ್ದು ಕ್ಯಾಟಲಾಗಿನಲ್ಲಿ 25 ಮೈಕ್ರೊಗ್ರಾಂ ಎಂದಿದ್ದರೆ ಎರಡೂ ಒಂದೇ. ವಾರಕ್ಕೊಮ್ಮೆ ತೆಗೆದುಕೊಳ್ಳುವಂತೆ ನಮ್ಮ ವೈದ್ಯರು ಬರೆದುಕೊಡುವ 60,000 ಐಯು ಸ್ಯಾಶೆ ಎಂದರೆ 1500 ಮೈಕ್ರೊಗ್ರಾಂ. ಇದನ್ನು ಆರಿಸಿದ ಮೇಲೆ ಪ್ರತಿದಿನ ಎಂಬ ಆಯ್ಕೆ ತಾನಾಗಿಯೇ ಬಂದಿದೆಯೇ ಎಂದು ತಪ್ಪದೆ ನೋಡಿ, ವಾರಕ್ಕೊಮ್ಮೆ ಎಂದು ಬದಲಿಸಿ; ಆಗ ದಿನದ ಸರಾಸರಿ ಸುಮಾರು 8570 ಐಯು ಆಗುತ್ತದೆ, ಬದಲಿಸದಿದ್ದರೆ ಅದರ ಏಳು ಪಟ್ಟು ತೋರುತ್ತದೆ. ಸಪ್ಲಿಮೆಂಟ್ ವಿಭಾಗದಲ್ಲಿ ಅದು ಸಿಗದಿದ್ದರೆ, ಆ್ಯಪ್‌ನಲ್ಲಿ ಔಷಧಿಗಳ ವಿಭಾಗವಿದ್ದಲ್ಲಿ ಅಲ್ಲಿಯೂ ಹುಡುಕಿ. ಮೀನೆಣ್ಣೆಯ ಕ್ಯಾಪ್ಸೂಲ್ 1000 ಮಿ.ಗ್ರಾಂ. ಎಂದು ದೊಡ್ಡದಾಗಿ ಬರೆದುಕೊಂಡಿದ್ದರೂ, ಅದರಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ 180 ಮತ್ತು ಡಿಎಚ್‌ಎ 120 ಮಿ.ಗ್ರಾಂ. ಮಾತ್ರ ಇರುವ ಬಗೆಯೇ ಬಹಳ ಪ್ರಚಲಿತ. ಒಮೆಗಾ-3 ಲೆಕ್ಕಕ್ಕೆ ಬೇಕಾದದ್ದು ಈ ಎರಡು ಸಣ್ಣ ಅಂಕಿಗಳು.

ಹೆಸರು ಹೊಂದಿದ ಮಾತ್ರಕ್ಕೆ ಆ ನಮೂದನ್ನು ಒಪ್ಪಿಕೊಳ್ಳಬೇಡಿ. ಅದನ್ನು ತೆರೆದು, ಕಾಗದದಲ್ಲಿ ಬರೆದುಕೊಂಡ ನಾಲ್ಕೂ ಸಂಗತಿಗಳನ್ನು ಒಂದೊಂದಾಗಿ ಹೋಲಿಸಿ. ಬೇರೆ ಬಳಕೆದಾರರು ಸೇರಿಸಿದ ನಮೂದುಗಳಲ್ಲಿ ಕೆಲವು ಅಂಕಣಗಳು ಖಾಲಿ ಇರುತ್ತವೆ, ಒಟ್ಟು ಮೊತ್ತದಲ್ಲಿ ಆ ಖಾಲಿ ಜಾಗ ಸೊನ್ನೆಯಂತೆಯೇ ಸೇರಿಹೋಗುತ್ತದೆ. ಇಪ್ಪತ್ತು ಪೋಷಕಾಂಶಗಳಿರುವ ಮಲ್ಟಿವಿಟಮಿನ್ ನಮೂದಿನಲ್ಲಿ ವಿಟಮಿನ್ ಸಿ ಒಂದನ್ನೇ ತುಂಬಿ ಬಿಟ್ಟಿರುವುದನ್ನು ನಾನು ನೋಡಿದ್ದೇನೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗಲೂ ಈ ಹೋಲಿಕೆಯನ್ನು ಬಿಡುವಂತಿಲ್ಲ, ಏಕೆಂದರೆ ಕಂಪನಿ ಒಳಗಿನ ಪ್ರಮಾಣವನ್ನು ಬದಲಿಸಿದ ಮೇಲೂ ಕ್ಯಾಟಲಾಗಿನಲ್ಲಿ ಹಳೆಯ ವಿವರವೇ ಉಳಿದಿರಬಹುದು. ಅಮೆರಿಕದ ಡಬ್ಬಿಗಳಾದರೆ ಅಲ್ಲಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ನಡೆಸುವ ಡಿಎಸ್‌ಎಲ್‌ಡಿ ಎಂಬ ಉಚಿತ ಲೇಬಲ್ ಸಂಗ್ರಹದಲ್ಲಿ ತಾಳೆ ನೋಡಬಹುದು. ಈಗ ಮಾರಾಟದಲ್ಲಿರುವ ಲೇಬಲ್ ಮತ್ತು ಮಾರುಕಟ್ಟೆಯಿಂದ ಹೋದ ಲೇಬಲ್ ಎಂದು ಅಲ್ಲಿ ವಿಂಗಡಿಸುವ ಸೌಲಭ್ಯವಿದ್ದು, ಕಪಾಟಿನಲ್ಲಿ ಉಳಿದ ಹಳೆಯ ಡಬ್ಬಿಯ ವಿವರವೂ ಎಷ್ಟೋ ಬಾರಿ ದೊರೆಯುತ್ತದೆ.

ಇಷ್ಟಾದರೂ ಹೊಂದುವ ನಮೂದು ಸಿಗದಿದ್ದರೆ, ಹತ್ತಿರದ್ದೊಂದನ್ನು ಆರಿಸಿ ಸಮಾಧಾನಪಡಬೇಡಿ. ಸ್ವಂತ ನಮೂದು ಮಾಡಿ. ಒಂದು ಮಾತ್ರೆಯ ಲೆಕ್ಕದಲ್ಲಿ, ಎಲಿಮೆಂಟಲ್ ಪ್ರಮಾಣವನ್ನೇ ತುಂಬಿ. ಅಮ್ಮನ ಕ್ಯಾಲ್ಸಿಯಂ ಮಾತ್ರೆಗೆ ನಾನು ಕಡೆಗೆ ಮಾಡಿದ ನಮೂದಿನಲ್ಲಿ ಕ್ಯಾಲ್ಸಿಯಂ 500 ಮಿ.ಗ್ರಾಂ., ಡಿ3 250 ಐಯು ಎಂದಿದೆ. ಹೆಸರಿನ ಜೊತೆಗೆ ಸ್ಟ್ರಿಪ್ ಕೊಂಡ ತಿಂಗಳನ್ನೂ ಬರೆದಿದ್ದೇನೆ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟ ದಿನ ಹಳೆಯ ನಮೂದನ್ನು ತಿದ್ದಲು ಹೋಗದೆ ಹೊಸದೊಂದನ್ನು ಮಾಡಿ. ಹಳೆಯದನ್ನೇ ತಿದ್ದಿದರೆ ಹಿಂದಿನ ತಿಂಗಳುಗಳ ಲೆಕ್ಕವೂ ಅದರ ಜೊತೆಗೆ ಬದಲಾಗಿಬಿಡಬಹುದು.