1908ರ ಮರ್ಕಲ್ ಪಂದ್ಯ: ಕೊನೆಯ ಇನ್ನಿಂಗ್ಸಿನ ಸ್ಕೋರ್ ಬರೆಯುವ ಬಗೆ

ಕ್ರಿಕೆಟ್ ಸ್ಕೋರ್ ಪುಸ್ತಕ ಬರೆದು ರೂಢಿಯಿದ್ದರೆ ಬೇಸ್‌ಬಾಲ್ ಸ್ಕೋರ್‌ಕಾರ್ಡ್ ಬೇಗ ಕೈಗೆ ಹತ್ತುತ್ತದೆ. ಬಾಕ್ಸ್ ಸ್ಕೋರಿಗೆ (ಪಂದ್ಯದ ಅಂಕಿಅಂಶಗಳ ಸಂಕ್ಷಿಪ್ತ ಪಟ್ಟಿಗೆ) ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಕೂಡ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಅಭ್ಯಾಸಕ್ಕೆ 1908ರ ಸೆಪ್ಟೆಂಬರ್ 23ರ ಪಂದ್ಯಕ್ಕಿಂತ ಒಳ್ಳೆಯ ಪಾಠ ಸಿಗದು. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್, ಜೈಂಟ್ಸ್ ಎದುರು ಶಿಕಾಗೋ ಕಬ್ಸ್, ಒಂಬತ್ತನೇ ಇನ್ನಿಂಗ್ಸಿನ ದ್ವಿತೀಯಾರ್ಧ, ಬ್ಯಾಟಿಂಗ್ ಜೈಂಟ್ಸ್‌ದು, ಸ್ಕೋರು 1-1.

ಹಾಳೆಯ ಎಡಕ್ಕೆ ಒಂಬತ್ತು ಬ್ಯಾಟರುಗಳ ಹೆಸರು ಬ್ಯಾಟಿಂಗ್ ಕ್ರಮದಲ್ಲೇ ಬರಲಿ. ಆಗ ಜರ್ಸಿಯ ಮೇಲೆ ನಂಬರು ಇರಲಿಲ್ಲ, ಆಟಗಾರನನ್ನು ಗುರುತು ಹಿಡಿಯಲು ಕ್ರಮವೇ ಆಸರೆ. ಬದಲಿ ಆಟಗಾರರಿಗೆ ಪ್ರತಿ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಬಿಡಿ. ಅಡ್ಡಕ್ಕೆ, ಇನ್ನಿಂಗ್ಸಿಗೆ ಒಂದರಂತೆ, 12 ಕಾಲಂ ಗೆರೆ ಎಳೆಯಿರಿ. ಒಂಬತ್ತಕ್ಕೇ ನಿಲ್ಲಿಸಿದರೆ ಪಂದ್ಯ ಬೆಳೆದಾಗ ಹಾಳೆ ಸಾಲದು. ಪೆನ್ಸಿಲ್ಲೇ ಬಳಸಿ.

ಫೀಲ್ಡರಿನ ಹೆಸರು ಬರೆಯುವುದಿಲ್ಲ, ಅವನ ಸ್ಥಾನದ ಸಂಖ್ಯೆ ಬರೆಯುತ್ತೇವೆ: ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ 7, ಸೆಂಟರ್ 8, ರೈಟ್ 9. ಶಾರ್ಟ್‌ಸ್ಟಾಪ್ ನಿಲ್ಲುವುದು ಸೆಕೆಂಡ್ ಮತ್ತು ಥರ್ಡ್ ನಡುವೆ, ಸಂಖ್ಯೆ ಮಾತ್ರ 6. ಹೊಸಬರು ಎಡವುವುದು ಇಲ್ಲೇ.

ಈಗ ಬರೆಯಿರಿ. ಸೀಮೋರ್ ನೆಲಕ್ಕೆ ಹೊಡೆದ ಚೆಂಡನ್ನು ಕಬ್ಸ್‌ನ ಸೆಕೆಂಡ್ ಬೇಸ್ ಆಟಗಾರ ಈವರ್ಸ್ ಹಿಡಿದು ಫಸ್ಟ್ ಬೇಸಿಗೆ ಎಸೆದ: 4-3 (ಎಸೆದವನು 4, ಹಿಡಿದವನು 3), ಒಂದು ಔಟ್. ಡೆವ್ಲಿನ್‌ಗೆ ಸಿಂಗಲ್, ಅಂದರೆ ಫಸ್ಟ್ ಬೇಸ್ ತಲುಪಿಸುವ ಹೊಡೆತ. ಮೆಕಾರ್ಮಿಕ್ ಹೊಡೆದದ್ದೂ ಈವರ್ಸ್ ಕಡೆಗೇ, ಆದರೆ ಔಟಾದವನು ಸೆಕೆಂಡ್ ಬೇಸಿಗೆ ಓಡುತ್ತಿದ್ದ ಡೆವ್ಲಿನ್. ಹಾಗಾಗಿ ಔಟಿನ ಗುರುತು 4-6 ಡೆವ್ಲಿನ್‌ನ ಚೌಕದಲ್ಲಿ, ಮೆಕಾರ್ಮಿಕ್‌ನ ಚೌಕದಲ್ಲಿ 'ಫೀಲ್ಡರ್ಸ್ ಚಾಯ್ಸ್' (ಫೀಲ್ಡರ್ ಬೇರೆ ಓಟಗಾರನನ್ನು ಔಟ್ ಮಾಡಲು ಹೋದದ್ದರಿಂದ ಬ್ಯಾಟರ್ ಬೇಸ್ ತಲುಪಿದ್ದು). ಮರ್ಕಲ್ ರೈಟ್ ಕಡೆಗೆ ಸಿಂಗಲ್ ಹೊಡೆದ, ಮೆಕಾರ್ಮಿಕ್ ಥರ್ಡ್ ತಲುಪಿದ.

ಮುಂದಿನದಕ್ಕೆ ಅವಸರ ಬೇಡ. ಬ್ರಿಡ್ವೆಲ್ ಸೆಂಟರ್‌ಗೆ ಹೊಡೆದ, ಮೆಕಾರ್ಮಿಕ್ ಹೋಮ್ ಮುಟ್ಟಿದ, ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಗೆದ್ದೆವೆಂದುಕೊಂಡ 19 ವರ್ಷದ ಮರ್ಕಲ್ ಸೆಕೆಂಡ್ ಬೇಸ್ ಮುಟ್ಟದೆ ಕ್ಲಬ್‌ಹೌಸಿನ ಕಡೆ ಓಡಿದ. ಈವರ್ಸ್ ಚೆಂಡು ತರಿಸಿಕೊಂಡು ಬೇಸ್ ಮೇಲೆ ನಿಂತು ಅಪೀಲು ಮಾಡಿದ. ಅಂಪೈರ್ ಹ್ಯಾಂಕ್ ಓ'ಡೇ ಔಟ್ ಕೊಟ್ಟರು. ಬ್ಯಾಟರ್ ಫಸ್ಟ್ ಬೇಸಿಗೆ ಬರುತ್ತಿದ್ದಾನೆಂದರೆ ಅಲ್ಲಿದ್ದವನು ಜಾಗ ಬಿಟ್ಟು ಸೆಕೆಂಡ್ ಮುಟ್ಟಲೇಬೇಕು. ಅದಕ್ಕೇ ಇದು ಫೋರ್ಸ್ ಔಟ್. ಮೂರನೇ ಔಟ್ ಫೋರ್ಸ್ ಆದರೆ, ಅದಕ್ಕೆ ಮೊದಲೇ ಹೋಮ್ ಮುಟ್ಟಿದ್ದರೂ ರನ್ ಇಲ್ಲ. ಬ್ರಿಡ್ವೆಲ್‌ಗೆ ಹಿಟ್ ಕೂಡ ಇಲ್ಲ: ನೀವು ಹಾಕಿದ ಸಿಂಗಲ್ ಅಳಿಸಿ, ಫೀಲ್ಡರ್ಸ್ ಚಾಯ್ಸ್ ಮಾಡಿ. ಈ ಅಳಿಸುವಿಕೆಯನ್ನೇ ಬಹಳ ಜನ ಮರೆಯುತ್ತಾರೆ. ಔಟ್ ಮರ್ಕಲ್‌ನ ಚೌಕಕ್ಕೆ, ಪಟ್‌ಔಟ್ (ಔಟ್ ಪೂರೈಸಿದ ಫೀಲ್ಡರಿಗೆ ಸಲ್ಲುವ ಲೆಕ್ಕ) ಈವರ್ಸ್‌ಗೆ. ಚೆಂಡು ಅವನ ಕೈಗೆ ಬಂದ ದಾರಿಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಬರೀ 4 ಎಂದು ಬರೆದು ಅಂಚಿನಲ್ಲಿ ಟಿಪ್ಪಣಿ ಹಾಕುವುದು ಪ್ರಾಮಾಣಿಕ ಕೆಲಸ.

ತಾಳೆ ನೋಡುವುದು ಹೀಗೆ: ಬ್ಯಾಟಿಗೆ ಬಂದವರು = ರನ್ + ಔಟ್ + ಬೇಸ್ ಮೇಲೆ ಉಳಿದವರು. ಬಂದವರು 5, ರನ್ 0, ಔಟ್ 3, ಉಳಿದವರು ಮೆಕಾರ್ಮಿಕ್ ಮತ್ತು ಬ್ರಿಡ್ವೆಲ್, 2. ಕೂಡಿದರೆ 5. ಆದರೆ ರನ್ 1, ಔಟ್ 2, ಉಳಿದವರು 2 ಎಂದು ಬರೆದರೂ ಮೊತ್ತ 5ಕ್ಕೇ ಬರುತ್ತದೆ! ಬಿಟ್ಟುಹೋದ ಆಟಗಾರನನ್ನು ತಾಳೆ ಹಿಡಿದುಕೊಡುತ್ತದೆ, ತೀರ್ಪಿನ ತಪ್ಪನ್ನಲ್ಲ. ಅದಕ್ಕೆ ಅಂಪೈರ್ ಕಡೆ ಕಣ್ಣಿರಬೇಕು.

ಹಾಳೆಯ ಕೊನೆಯಲ್ಲಿ 1-1, ಟೈ ಎಂದು ಬರೆಯಿರಿ. ಬ್ಯಾಟಿಂಗ್ ಕಾಲಂಗಳಲ್ಲಿ ಆರ್‌ಬಿಐ (ಬ್ಯಾಟರ್ ತನ್ನ ಹೊಡೆತದಿಂದ ತಂದುಕೊಟ್ಟ ರನ್) ಸೇರಿಸಬೇಡಿ. ಅದು ಅಧಿಕೃತ ಲೆಕ್ಕಕ್ಕೆ ಸೇರಿದ್ದು 1920ರಲ್ಲಿ. ಅಕ್ಟೋಬರ್ 8ರಂದು ಮತ್ತೆ ಆಡಿ ಕಬ್ಸ್ 4-2ರಿಂದ ಗೆದ್ದ ಪಂದ್ಯಕ್ಕೆ ಬೇರೆಯೇ ಹಾಳೆ ತೆಗೆದುಕೊಳ್ಳಿ.